ಉಳ್ಳಾಗಡ್ಡಿ ಅನ್ನುವ ಅಡ್ಡಹೆಸರು, ಪುಲಿಗೆರೆ ಅನ್ನುವ ಊರು

ಪ್ರಶ್ನೆ: ನಮ್ಮದು ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಹನ್ನೆರಡು ವರ್ಷದಿಂದ ಬೆಂಗಳೂರಿನಲ್ಲಿದ್ದೇವೆ. ನಮ್ಮ ಮನೆಯವರ ಅಡ್ಡಹೆಸರು ಉಳ್ಳಾಗಡ್ಡಿ. ಮಗಳು ಆರನೇ ಕ್ಲಾಸು. ಹಾಜರಿ ಕೂಗುವಾಗ ಕ್ಲಾಸಿನವರು ನಗುತ್ತಾರಂತೆ, ‘ನಿಂಗೂ ಗಡ್ಡ ಬರುತ್ತಾ’ ಅಂತ ಕೇಳುತ್ತಾರಂತೆ. ಹೆಸರು ಬದಲಾಯಿಸಿ ಅಂತ ಹಟ ಹಿಡಿದಿದ್ದಾಳೆ. ಈ ಹೆಸರು ಹೇಗೆ ಬಂದಿರಬಹುದು? ಇಲ್ಲಿಯವರಿಗೆ ಯಾಕೆ ನಮ್ಮ ಹಾಗೆ ಅಡ್ಡಹೆಸರಿಲ್ಲ? ಇನ್ನೊಂದು, ನಮ್ಮ ಮಾವನವರು ಊರಿಗೆ ಮೊದಲು ಹುಲಿಗೆರೆ ಅಂತ ಹೆಸರಿತ್ತು, ಹುಲಿ ಕೆರೆಗೆ ನೀರು ಕುಡಿಯಲು ಬರುತ್ತಿತ್ತು ಅನ್ನುತ್ತಾರೆ. ಇದು ನಿಜವೇ?

ಉತ್ತರ: ಮೊದಲು ಗಡ್ಡದ ಮಾತು ಮುಗಿಸೋಣ, ಮಗುವಿಗೆ ನಾಳೆ ಬೆಳಿಗ್ಗೆಯೇ ಉತ್ತರ ಬೇಕಲ್ವಾ. ಈ ಹೆಸರಿನಲ್ಲಿ ಇರುವುದು ಗಡ್ಡೆ. ಮನೆಗೆ ಮನಿ, ಕಟ್ಟೆಗೆ ಕಟ್ಟಿ, ಕೆರೆಗೆ ಕೆರಿ ಅನ್ನುವ ಹಾಗೆ ನಿಮ್ಮ ಕಡೆ ಗಡ್ಡೆಗೆ ಗಡ್ಡಿ ಅನ್ನುತ್ತಾರೆ. ಮುಂದಿರುವುದು ಉಳ್ಳಿ. ಬೆಂಗಳೂರಿನವರು ಈರುಳ್ಳಿ ಅನ್ನುತ್ತಾರೆ, ಮಂಗಳೂರು ಕಡೆಯವರು ನೀರುಳ್ಳಿ ಅನ್ನುತ್ತಾರೆ, ಎಲ್ಲರೂ ಬೆಳ್ಳುಳ್ಳಿ ಅನ್ನುತ್ತಾರೆ. ಎಲ್ಲದರಲ್ಲೂ ಅದೇ ಉಳ್ಳಿ ಇದೆ. ಬೆಳ್ಳುಳ್ಳಿ ಅಂದರೆ ಬಿಳಿ ಉಳ್ಳಿ, ಅಷ್ಟೇ. ನಗುವ ಹುಡುಗರ ಮನೆಯ ಅಡುಗೆಮನೆಯಲ್ಲೂ ನಿಮ್ಮ ಹೆಸರಿನ ಅರ್ಧ ದಿನಾ ಓಡಾಡುತ್ತದೆ ಅಂತ ಅವಳಿಗೆ ಹೇಳಿ.

ಇನ್ನು ಹೆಸರು ಬಂದ ದಾರಿ. ಊರಿನ ಹೆಸರು, ಮನೆತನದ ಹೆಸರು ಅಂತ ಮೂವತ್ತು ವರ್ಷ ಹಳ್ಳಿ ಹಳ್ಳಿ ತಿರುಗಿದವಳು ನಾನು. ಒಂದು ಸಲ ರೋಣದ ಕಡೆಯ ಒಂದು ಊರಿನ ಅಗಸಿಯಲ್ಲಿ ನಿಂತು, ಅಲ್ಲಿ ಕೂತಿದ್ದ ಹಿರಿಯರನ್ನು ‘ಬಸಪ್ಪನವರ ಮನೆ ಎಲ್ಲಿ’ ಅಂತ ಕೇಳಿದೆ. ‘ಯಾವ ಬಸಪ್ಪರೀ? ಬೇವಿನಮರದ ಬಸಪ್ಪೋ, ಅಗಸಿಮನಿ ಬಸಪ್ಪೋ? ಉಳ್ಳಾಗಡ್ಡ್ಯಾರ ಬಸಪ್ಪ ಬೇಕಂದ್ರ ಹೊಲಕ್ಕ ಹೋಗ್ಯಾನ ನೋಡ್ರಿ’ ಅಂದರು. ನನಗೆ ಬೇಕಾಗಿದ್ದದ್ದು ಬೇವಿನಮರದ ಬಸಪ್ಪ. ಮನೆ ಮುಂದೆ ಹೋಗಿ ನೋಡಿದರೆ ಬೇವಿನ ಮರ ಇಲ್ಲ. ಒಂದು ಹಳೇ ಕಟ್ಟೆ ಮಾತ್ರ ಇತ್ತು, ಅದರ ನಡುವೆ ಸಿಮೆಂಟು ಬಳಿದ ಒಂದು ಗುಂಡನೆಯ ಜಾಗ. ಆ ಮನೆಯ ಅಜ್ಜಿ ಕೈ ತೋರಿಸಿ, ‘ನಾ ಸೊಸಿಯಾಗಿ ಬರೂ ಮೊದಲ ಬಿದ್ದಿತ್ತಂತ’ ಅಂದರು. ಮರ ಹೋಗಿ ಎಪ್ಪತ್ತು ವರ್ಷವಾದರೂ ಆಗಿರಬೇಕು. ಮನೆಯವರು ಇನ್ನೂ ಬೇವಿನಮರದ.

ಅಡ್ಡಹೆಸರು ಹುಟ್ಟುವುದೇ ಹೀಗೆ. ಒಂದು ಊರು, ಹತ್ತು ಬಸಪ್ಪ, ಹದಿನೈದು ಈರಪ್ಪ. ಗುರುತು ಹಿಡಿಯಲು ಊರಿನವರಿಗೆ ಏನೋ ಒಂದು ಬೇಕು. ಯಾರೂ ಕೂತು ಯೋಚನೆ ಮಾಡಿ ತಮಗೆ ತಾವೇ ಉಳ್ಳಾಗಡ್ಡಿ ಅಂತ ಇಟ್ಟುಕೊಳ್ಳಲಿಲ್ಲ. ಓಣಿಯವರು ಇಟ್ಟರು. ಊರಲ್ಲಿ ಎಲ್ಲರಿಗಿಂತ ಜಾಸ್ತಿ ಉಳ್ಳಾಗಡ್ಡಿ ಬೆಳೆದ ಮನೆ, ಅಥವಾ ಚೀಲ ಹೇರಿಕೊಂಡು ಸಂತೆಯಿಂದ ಸಂತೆಗೆ ಹೋಗಿ ಮಾರಿದ ಮನೆ. ಗದಗ, ಧಾರವಾಡ, ಹಾವೇರಿ ಸೀಮೆಯಲ್ಲಿ ಈಗಲೂ ಉಳ್ಳಾಗಡ್ಡಿ, ಒಣಮೆಣಸಿನಕಾಯಿ ಎರಡೂ ದೊಡ್ಡ ಬೆಳೆ. ಅದಕ್ಕೇ ಆ ಕಡೆ ಬೆಲ್ಲದ, ಅಕ್ಕಿ, ಎಣ್ಣಿ, ಉಪ್ಪಿನ, ಕಡ್ಲಿ, ಮೆಣಸಿನಕಾಯಿ ಅಂತೆಲ್ಲ ಮನೆತನಗಳಿವೆ. ಸಾಲಾಗಿ ಓದಿದರೆ ಒಂದು ಹಳೇ ಪೇಟೆಯ ಅಂಗಡಿ ಸಾಲು ನೋಡಿದ ಹಾಗಾಗುತ್ತದೆ.

ಮೆಣಸಿನಕಾಯಿ ಅನ್ನುವ ಹೆಸರಿನಲ್ಲಿ ನನಗೆ ಬಹಳ ಇಷ್ಟವಾದ ಒಂದು ವಿಷಯ ಇದೆ. ಮೆಣಸಿನಕಾಯಿ ನಮ್ಮ ನೆಲದ ಗಿಡ ಅಲ್ಲ. ಅಮೆರಿಕದ ಗಿಡ, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ವಾಸ್ಕೊ ಡ ಗಾಮ ಕೇರಳದ ತೀರಕ್ಕೆ ಬಂದದ್ದೇ 1498ರಲ್ಲಿ. ಅದಕ್ಕೆ ಮೊದಲು ನಮ್ಮವರಿಗೆ ಖಾರ ಅಂದರೆ ಕಾಳುಮೆಣಸು. ಹೊಸ ಕಾಯಿಗೂ ಅದೇ ಮೆಣಸಿನ ಹೆಸರು ಸೇರಿಸಿ ಮೆಣಸಿನಕಾಯಿ ಅಂದರು. ಅಂದ ಮೇಲೆ ಆ ಅಡ್ಡಹೆಸರಿನ ಮನೆತನ ಎಷ್ಟೇ ಹಳೆಯದಿರಲಿ, ಆ ಹೆಸರು ಮಾತ್ರ ಐನೂರು ವರ್ಷದ ಈಚಿನದು. ಒಂದು ಶಾಸನ ಇಲ್ಲ, ಒಂದು ಕಾಗದ ಇಲ್ಲ, ಆದರೂ ಹೆಸರಿನಿಂದಲೇ ಇಷ್ಟು ಹೇಳಬಹುದು. ಉಳ್ಳಾಗಡ್ಡಿಗೆ ಈ ಗಡಿ ಇಲ್ಲ, ಅದು ಈ ದೇಶದಲ್ಲಿ ಬಹಳ ಹಿಂದಿನಿಂದ ಇದೆ.

ಇನ್ನೊಂದು ವಿಷಯ ಗಮನಿಸಿ. ಬೆಲ್ಲದ, ಬೇವಿನಮರದ, ಉಪ್ಪಿನ — ಇವೆಲ್ಲ ಅರ್ಧ ಮಾತುಗಳು. ಬೆಲ್ಲದ ಏನು? ಬೇವಿನಮರದ ಯಾರು? ಮುಂದೆ ಬಸಪ್ಪನೋ ನೀಲವ್ವನೋ ಬಂದಾಗ ಮಾತು ಪೂರ್ತಿಯಾಗುತ್ತದೆ. ಊರಿನ ಬಾಯಲ್ಲಿ ಅಡ್ಡಹೆಸರು ಯಾವಾಗಲೂ ಮೊದಲು ಬರುತ್ತದೆ, ಬೇವಿನಮರದ ಬಸಪ್ಪ. ಸರ್ಕಾರಿ ಕಾಗದದಲ್ಲಿ ಅದನ್ನು ತಿರುಗಿಸಿ ಬಸಪ್ಪ ಬೇವಿನಮರದ ಅಂತ ಬರೆದರು. ಅಲ್ಲಿಂದ ಹೆಸರು ಗಾಳಿಯಲ್ಲಿ ನಿಂತ ಹಾಗೆ ಕಾಣಿಸಲು ಶುರುವಾಯಿತು. ಆ ಹಿರಿಯರು ಅಂದ ‘ಉಳ್ಳಾಗಡ್ಡ್ಯಾರ’ ಕೂಡ ‘ಉಳ್ಳಾಗಡ್ಡಿಯವರ’ ಅನ್ನುವುದೇ. ಬಡಿಗೇರ, ಗೌಡರ, ಶೆಟ್ಟರ ಅನ್ನುವ ಹೆಸರುಗಳ ಕೊನೆಯ ‘ರ’ ಬಂದದ್ದೂ ಹೀಗೆಯೇ. ಬಡಗಿಯವರ ಮನೆ, ಗೌಡರ ಮನೆ. ಮನೆ ಬಿದ್ದುಹೋಗಿ ‘ರ’ ಉಳಿಯಿತು.

ಮನೆಯೇ ಹೆಸರಾದದ್ದೂ ಎಷ್ಟೋ ಇವೆ. ಕಟ್ಟೀಮನಿ, ದೊಡ್ಡಮನಿ, ಹೊಸಮನಿ, ಹಳೇಮನಿ, ಅಗಸಿಮನಿ. ಅಗಸಿ ಅಂದರೆ ಊರ ಬಾಗಿಲು, ಬೆಂಗಳೂರಿನಲ್ಲಿ ಬೆಳೆದ ನಿಮ್ಮ ಮಗಳಿಗೆ ಈ ಪದ ಗೊತ್ತಿರಲಿಕ್ಕಿಲ್ಲ, ಹೇಳಿಕೊಡಿ. ಕಸುಬಿನ ಹೆಸರುಗಳು ಸುಲಭ: ಕಂಬಾರ, ಕುಂಬಾರ, ಪತ್ತಾರ, ಹೂಗಾರ, ಹತ್ತಿ ಹಿಂಜುವ ನದಾಫ. ಕುರ್ಚಿಯ ಹೆಸರುಗಳು ಇನ್ನೊಂದು ಗುಂಪು. ಊರು ನೋಡಿಕೊಳ್ಳುವವನು ಪಾಟೀಲ, ಲೆಕ್ಕ ಬರೆಯುವವನು ಕುಲಕರ್ಣಿ, ನಾಡು ನೋಡಿಕೊಳ್ಳುವವನು ದೇಸಾಯಿ. ಇವು ಜಾತಿಯ ಹೆಸರಲ್ಲ, ಹುದ್ದೆಯ ಹೆಸರು. ಅದಕ್ಕೇ ಲಿಂಗಾಯತರಲ್ಲೂ ಜೈನರಲ್ಲೂ ಮುಸ್ಲಿಮರಲ್ಲೂ ಪಾಟೀಲರಿದ್ದಾರೆ. ವಂಶಪಾರಂಪರ್ಯದ ಈ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ 1961ರಲ್ಲಿ ಬಂತು, 1963ರಲ್ಲಿ ಜಾರಿಯಾಯಿತು. ಹುದ್ದೆ ಹೋಗಿ ಅರವತ್ತು ವರ್ಷ ದಾಟಿತು. ಹೆಸರಿಗೆ ಏನೂ ಆಗಿಲ್ಲ.

ಇನ್ನು ಊರೇ ಅಡ್ಡಹೆಸರಾದದ್ದು. ಇದರಲ್ಲಿ ಒಂದು ಸೂಕ್ಷ್ಮ ಇದೆ, ಜನ ಸಾಮಾನ್ಯವಾಗಿ ತಪ್ಪು ತಿಳಿಯುತ್ತಾರೆ. ಯಾರಾದರೂ ಮುಧೋಳ ಅಂತ ಇದ್ದರೆ ‘ಓ, ಮುಧೋಳದವರು’ ಅಂದುಬಿಡುತ್ತೇವೆ. ಸ್ವಲ್ಪ ನಿಲ್ಲಿ. ಮುಧೋಳದಲ್ಲಿ ಇರುವಾಗ ಯಾರೂ ಯಾರನ್ನೂ ಮುಧೋಳ ಅಂತ ಕರೆಯುವುದಿಲ್ಲ, ಅಲ್ಲಿ ಎಲ್ಲರೂ ಮುಧೋಳದವರೇ ತಾನೇ. ಆ ಊರು ಬಿಟ್ಟು ಬೇರೆ ಊರಿಗೆ ಹೋದ ಮೇಲೆ ಅಲ್ಲಿನ ಜನ ಕೊಡುವ ಹೆಸರು ಅದು. ಗಂಗೂಬಾಯಿ ಹಾನಗಲ್ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ವಿನಾಯಕ ಕೃಷ್ಣ ಗೋಕಾಕ ಹುಟ್ಟಿದ್ದು ಸವಣೂರಿನಲ್ಲಿ. ಸರ್ ಎಂ. ವಿಶ್ವೇಶ್ವರಯ್ಯನವರ ‘ಎಂ’ ಮೋಕ್ಷಗುಂಡಂ. ಅದು ಈಗಿನ ಆಂಧ್ರದ ಒಂದು ಊರು. ಅವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಆದ್ದರಿಂದ ಊರಿನ ಹೆಸರಿನ ಅಡ್ಡಹೆಸರು ನೋಡಿದಾಗ ‘ಇವರು ಎಲ್ಲಿಯವರು’ ಅನ್ನುವುದಕ್ಕಿಂತ ‘ಇವರ ಹಿರಿಯರು ಎಲ್ಲಿಂದ ಎದ್ದು ಬಂದರು’ ಅಂತ ಕೇಳಿ. ನಮ್ಮಲ್ಲಿ ಬರವೋ ಜಗಳವೋ ಪ್ಲೇಗೋ ಬಂದು ಊರು ಬಿಟ್ಟ ಎಷ್ಟೋ ಸಾಮಾನ್ಯ ಜನರ ದಾರಿ ಬೇರೆ ಎಲ್ಲೂ ದಾಖಲಾಗಿಲ್ಲ. ಅಡ್ಡಹೆಸರಿನಲ್ಲಿ ಮಾತ್ರ ಉಳಿದಿದೆ. ನಾನು ಇದಕ್ಕಾಗಿ ಇಷ್ಟು ಜೀವ ಬಿಡುವುದೂ ಅದಕ್ಕೇ.

ಈಗ ನಿಮ್ಮ ಎರಡನೇ ಪ್ರಶ್ನೆ. ಬೆಂಗಳೂರಿನವರಿಗೆ ಯಾಕಿಲ್ಲ?

ಇದೆ. ಕಾಗದದಲ್ಲಿ ಇಲ್ಲ ಅಷ್ಟೇ. ಮಂಡ್ಯದ ಕಡೆ, ಹಾಸನದ ಕಡೆ ಯಾವ ಹಳ್ಳಿಗಾದರೂ ಹೋಗಿ, ದೊಡ್ಡಮನೆಯವರು, ಮೇಗಲಮನೆಯವರು, ಬಾವಿಮನೆಯವರು ಅಂತ ಕರೆಯುವುದು ಕೇಳಿಸುತ್ತದೆ. ನಿಮ್ಮ ದೊಡ್ಡಮನಿ, ಅವರ ದೊಡ್ಡಮನೆ ಎರಡೂ ಒಂದೇ. ವ್ಯತ್ಯಾಸ ಆದದ್ದು ಆಡಳಿತದಲ್ಲಿ. 1818ರಲ್ಲಿ ಪೇಶ್ವೆಗಳು ಸೋತ ಮೇಲೆ ಧಾರವಾಡ, ಬೆಳಗಾವಿ ಸೀಮೆ ಇಂಗ್ಲಿಷರ ಕೈಗೆ ಹೋಗಿ ಮುಂಬೈ ಪ್ರಾಂತ್ಯಕ್ಕೆ ಸೇರಿತು. ನಿಮ್ಮ ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದಲ್ಲಿ, ಪಟವರ್ಧನರ ಆಳ್ವಿಕೆಯಲ್ಲಿತ್ತು. ಎರಡೂ ಕಡೆ ಮರಾಠಿ ದಫ್ತರದ ಪದ್ಧತಿ: ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಜಮೀನಿನ ಉತಾರಕ್ಕೆ ಹಾಗೇ ಬಂತು, ಶಾಲೆಯ ದಾಖಲೆಗೆ ಹಾಗೇ ಬಂತು. ಓಣಿಯವರು ಬಾಯಲ್ಲಿ ಕರೆಯುತ್ತಿದ್ದ ಹೆಸರು ಶಾಯಿಯಲ್ಲಿ ಗಟ್ಟಿಯಾಯಿತು. ಮೈಸೂರು ಸಂಸ್ಥಾನದಲ್ಲಿ ಆ ಪದ್ಧತಿ ಬರಲಿಲ್ಲ. ಅಲ್ಲಿ ಊರಿನ ಹೆಸರು, ತಂದೆಯ ಹೆಸರು ಎರಡೂ ಮುಂದೆ ಒಂದೊಂದು ಅಕ್ಷರವಾಗಿ ನಿಂತವು. ಡಿ.ವಿ. ಗುಂಡಪ್ಪ ಅಂದರೆ ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ, ಅವರು ಹುಟ್ಟಿದ್ದು ಮುಳಬಾಗಿಲಿನಲ್ಲಿ. ಕೆ.ವಿ. ಪುಟ್ಟಪ್ಪ ಅಂದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಹಾನಗಲ್ ಹಿಂದೆ ನಿಂತ ಹಾಗೆ ದೇವನಹಳ್ಳಿ ಮುಂದೆ ನಿಂತಿದೆ. ಆ ಇನಿಷಿಯಲ್ ಕೂಡ ಅಡ್ಡಹೆಸರೇ, ಚುಕ್ಕೆಯ ಹಿಂದೆ ಅಡಗಿಕೊಂಡಿದೆ. ನಿಮ್ಮ ಮಗಳ ಗೆಳತಿಯರಿಗೆ ‘ನಿಮ್ಮ ಮೊದಲ ಅಕ್ಷರ ಯಾವ ಊರು’ ಅಂತ ಕೇಳಿ ನೋಡಲಿ. ಅರ್ಧ ಜನ ಮನೆಗೆ ಹೋಗಿ ಅಜ್ಜನಿಗೆ ಫೋನ್ ಮಾಡಬೇಕಾಗುತ್ತದೆ. ಅವರಿಗೂ ಒಳ್ಳೆಯದು.

ಈಗ ಪಾಸ್‌ಪೋರ್ಟಿನ ‘ಸರ್‌ನೇಮ್’ ಜಾಗ ತುಂಬಲು ಹಳೇ ಮೈಸೂರಿನವರು ತಂದೆಯ ಹೆಸರು ಹಾಕುತ್ತಾರೆ. ಅಮೆರಿಕಕ್ಕೆ ಹೋದ ಮೇಲೆ ಮಕ್ಕಳಿಗೂ ಅದೇ ಮುಂದುವರಿಯುತ್ತದೆ. ಹಾಸನದ ಹಳ್ಳಿಯಲ್ಲಿದ್ದ ಒಬ್ಬ ರಂಗಪ್ಪ ಅಜ್ಜ ನ್ಯೂಜೆರ್ಸಿಯಲ್ಲಿ ಒಂದು ಮನೆತನದ ಹೆಸರಾಗುತ್ತಿದ್ದಾರೆ. ಅಡ್ಡಹೆಸರು ಹುಟ್ಟುವುದು ನಿಂತಿಲ್ಲ ಅಂತ ಇದರಿಂದಲೇ ಗೊತ್ತಾಗುತ್ತದೆ.

ಕೊಡಗು, ಕರಾವಳಿ ಕಡೆಯ ಕಥೆ ಬೇರೆ, ಪೂರ್ತಿ ಹೇಳಲು ಹೋದರೆ ನಿಮ್ಮ ಪ್ರಶ್ನೆ ಬಿಟ್ಟುಹೋಗುತ್ತದೆ. ಕೊಡವರ ಒಕ್ಕದ ಹೆಸರು ಮುಂದೆಯೇ ನಿಲ್ಲುತ್ತದೆ, ಜನರಲ್ ಕಾರ್ಯಪ್ಪ ಕೊಡಂದೇರ ಮನೆತನದವರು. ತುಳುನಾಡಿನ ಅಮೀನ್, ಕೋಟ್ಯಾನ್, ಸಾಲಿಯಾನ್, ಕರ್ಕೇರ ಇವೆಲ್ಲ ‘ಬರಿ’ಯ, ಅಂದರೆ ಕುಲದ ಹೆಸರುಗಳು. ಬರಿ ಬರುವುದು ತಾಯಿಯಿಂದ, ಅಳಿಯಕಟ್ಟಿನ ರೀತಿ. ಉತ್ತರ ಕನ್ನಡದ ಹೆಗಡೆ, ದಕ್ಷಿಣದ ಹೆಗ್ಡೆ ಎರಡೂ ಶಾಸನಗಳ ‘ಪೆರ್ಗಡೆ’ ಅನ್ನುವ ಅಧಿಕಾರಿಯಿಂದ ಬಂದವು. ಶಾನಭೋಗ ಅಂದರೆ ಶಾಸನದ ಸೇನಬೋವ, ಗೌಡ ಅಂದರೆ ಗಾವುಂಡ. ಮಂಗಳೂರಿನ ಕ್ರೈಸ್ತರ ಲೋಬೊ ಅಂದರೆ ಪೋರ್ಚುಗೀಸಿನಲ್ಲಿ ತೋಳ, ಕುವೆಲ್ಲೊ ಅಂದರೆ ಮೊಲ.

ಪೆರ್ಗಡೆ ಹೆಗಡೆ ಆಯಿತು ಅಂದೆನಲ್ಲ, ಅದೇ ದಾರಿಯಲ್ಲಿ ನಿಮ್ಮ ಊರಿಗೆ ಬರೋಣ.

ಹಳಗನ್ನಡದ ಪದದ ಮೊದಲಲ್ಲಿದ್ದ ‘ಪ’ ಸುಮಾರು ಹತ್ತನೇ ಶತಮಾನದ ಆಚೀಚೆಯಿಂದ ನಿಧಾನವಾಗಿ ‘ಹ’ ಆಯಿತು. ಪಾಲು ಹಾಲಾಯಿತು, ಪೂ ಹೂವಾಯಿತು, ಪಳ್ಳಿ ಹಳ್ಳಿಯಾಯಿತು, ಪುಲಿ ಹುಲಿಯಾಯಿತು. ನೆರೆಯ ಭಾಷೆಗಳಲ್ಲಿ ಈ ಬದಲಾವಣೆ ಆಗಲಿಲ್ಲ. ಅದಕ್ಕೇ ತೆಲುಗು ಮಾತಾಡುವ ಗಡಿಯಲ್ಲಿ ಬಾಗೇಪಲ್ಲಿ ಇದೆ. ತುಳುವಿನಲ್ಲಿ ಹುಲಿ ಈಗಲೂ ಪಿಲಿ. ಮಂಗಳೂರಿನ ಪಿಲಿಕುಳಕ್ಕೆ ನೀವು ಮಗಳನ್ನು ಕರೆದುಕೊಂಡು ಹೋಗಿರಬಹುದು. ಪಿಲಿ ಅಂದರೆ ಹುಲಿ, ಕುಳ ಅಂದರೆ ಕೊಳ. ನಿಮ್ಮ ಮಾವನವರು ಹೇಳುವ ಹುಲಿಗೆರೆಯ ತುಳು ರೂಪವೇ ಅದು!

ಇನ್ನು ಕೆರೆ ಯಾಕೆ ಗೆರೆ ಆಯಿತು? ಶಾಲೆಯಲ್ಲಿ ಆದೇಶ ಸಂಧಿ ಓದಿದ್ದು ನೆನಪಿದೆಯಾ, ಮಳೆ ಕೂಡಿಸು ಕಾಲ, ಮಳೆಗಾಲ. ಅದೇ. ದಾವಣಗೆರೆಯ ಗೆರೆ ಕೆರೆ, ಹಾನಗಲ್ ಮುದಗಲ್‌ಗಳ ಗಲ್ ಕಲ್ಲು. ಹುಬ್ಬಳ್ಳಿಯ ಬಳ್ಳಿ ಕೂಡ ಬಳ್ಳಿಯಲ್ಲ, ಪಳ್ಳಿ. ಶಾಸನದಲ್ಲಿ ಅದು ಪುರ್ಬಳ್ಳಿ. ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ ಸಂಧಿ ನಮ್ಮ ಬಸ್ಸಿನ ಬೋರ್ಡುಗಳ ಮೇಲೆಲ್ಲ ಇದೆ.

ನಿಮ್ಮ ಮಾವನವರ ಮಾತಿಗೆ ಬರುತ್ತೇನೆ. ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ ಅನ್ನುವುದು ಪೂರ್ತಿ ನಿಜ, ಅದರಲ್ಲಿ ಯಾವ ಅನುಮಾನವೂ ಬೇಡ. ಪುಲಿಗೆರೆ ಮುನ್ನೂರು ಅಂತ ಒಂದು ನಾಡೇ ಇತ್ತು. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಅಂತ ಹೇಳುವಾಗ ನಾಲ್ಕು ಊರು ಹೆಸರಿಸುತ್ತದೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಕಿಸುವೊಳಲು ಅಂದರೆ ಪಟ್ಟದಕಲ್ಲು, ಕೊಪಣ ಈಗಿನ ಕೊಪ್ಪಳ. ಈ ನಾಲ್ಕರ ನಡುವಿನ ಕನ್ನಡವೇ ತಿರುಳ್ಗನ್ನಡ ಅಂತ ಆ ಕಾಲದ ಜನ ತಿಳಿದಿದ್ದರು. ಪಂಪನೂ ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡ ಅಂತ ಅಭಿಮಾನದಿಂದ ಹೇಳಿಕೊಂಡ. ನಿಮ್ಮ ಮಗಳು ‘ಉಳ್ಳಾಗಡ್ಡಿ’ ಅಂತ ಹೇಳುವ ಆ ಸೀಮೆಯ ಕನ್ನಡ ಒಂದು ಕಾಲಕ್ಕೆ ಕನ್ನಡಕ್ಕೆ ಅಳತೆಗೋಲಾಗಿತ್ತು. ಇದನ್ನು ಅವಳಿಗೆ ಹೇಳದೇ ಬಿಡಬೇಡಿ.

ಹುಲಿಯ ವಿಷಯದಲ್ಲಿ ಮಾತ್ರ ಸ್ವಲ್ಪ ತಾಳಿ. ಚಾಲುಕ್ಯ ಯುವರಾಜ ವಿಕ್ರಮಾದಿತ್ಯ ಈ ಊರಿನ ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ, ಅಂದರೆ ಪ್ರಜೆಗಳ ಗುಂಪುಗಳಿಗೂ, ಹಾಕಿಕೊಟ್ಟ ಕಟ್ಟಳೆಯ ಶಾಸನ ಒಂದಿದೆ, ಎಂಟನೇ ಶತಮಾನದ್ದು. ಅದರಲ್ಲಿ ಊರಿನ ಹೆಸರು ಪೊರಿಗೆರೆ. ಬೇರೆ ಶಾಸನಗಳಲ್ಲಿ ಪುರಿಗೆರೆ ಅಂತಲೂ ಇದೆ, ಪುಲಿಗೆರೆ ಅಂತಲೂ ಇದೆ. ಸಂಸ್ಕೃತದಲ್ಲಿ ಬರೆಯುವವರು ಪುಲಿಕರನಗರ ಅಂದರು. ಅಂದರೆ ಕೆರೆ ಎಲ್ಲ ರೂಪದಲ್ಲೂ ಗಟ್ಟಿಯಾಗಿದೆ, ‘ಪುಲಿ’ಯ ಜಾಗದಲ್ಲಿ ಮಾತ್ರ ‘ರಿ’ ಮತ್ತು ‘ಲಿ’ ನಡುವೆ ಓಲಾಟ ಇದೆ. ‘ಪೊರಿ’ಗೂ ಹುಲಿಗೂ ನೇರ ಸಂಬಂಧ ಹೇಳಲು ಆಗುವುದಿಲ್ಲ. ನನ್ನ ತೀರ್ಮಾನ ಹೀಗೆ: ಕೆರೆಯ ದಂಡೆಯ ಊರು ಅನ್ನುವುದು ಖಚಿತ. ಅದು ಹುಲಿಯ ಕೆರೆ ಅನ್ನುವುದು ಜನರ ಕಿವಿ ನಂತರ ಕೇಳಿಸಿಕೊಂಡ ಅರ್ಥ ಇರಬಹುದು. ಜನರ ಕಿವಿ ಯಾವಾಗಲೂ ಹಾಗೇ, ಅರ್ಥವಾಗದ ಪದವನ್ನು ಅರ್ಥವಾಗುವ ಪದದ ಹತ್ತಿರಕ್ಕೆ ಎಳೆಯುತ್ತದೆ.

ಈ ಎಳೆದಾಟಕ್ಕೆ ದೊಡ್ಡ ಉದಾಹರಣೆ ನೀವು ಈಗಿರುವ ಊರೇ. ಬೇಟೆಗೆ ಹೋಗಿ ದಾರಿ ತಪ್ಪಿದ ವೀರಬಲ್ಲಾಳನಿಗೆ ಒಬ್ಬ ಅಜ್ಜಿ ಬೆಂದ ಕಾಳು ಕೊಟ್ಟಳು, ಅದಕ್ಕೆ ಬೆಂದಕಾಳೂರು, ಅದೇ ಬೆಂಗಳೂರು. ಶಾಲೆಯಲ್ಲಿ ನಿಮ್ಮ ಮಗಳಿಗೂ ಹೇಳಿಕೊಟ್ಟಿರುತ್ತಾರೆ. ಒಳ್ಳೆಯ ಕಥೆ, ಹಸಿದವನಿಗೆ ಅನ್ನ ಕೊಟ್ಟ ಅಜ್ಜಿಯ ಹೆಸರು ಊರಿಗೆ ಬರಲಿ ಅಂತ ಯಾರಿಗೆ ಆಸೆ ಆಗುವುದಿಲ್ಲ. ಆದರೆ ಹೊಯ್ಸಳ ಎರಡನೇ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಬೇಗೂರಿನ ದೇವಸ್ಥಾನದಲ್ಲಿ ಒಂದು ವೀರರ ಕಲ್ಲಿದೆ, ಗಂಗರ ಕಾಲದ್ದು, ಸುಮಾರು 890ರದ್ದು. ಕಾಳಗದಲ್ಲಿ ಸತ್ತವರ ನೆನಪಿಗೆ ಹಾಕಿಸಿದ್ದು. ಆ ಕಾಳಗ ನಡೆದ ಜಾಗದ ಹೆಸರು ಅದರಲ್ಲಿ ಸ್ಪಷ್ಟವಾಗಿದೆ: ಬೆಂಗಳೂರು. ಬಲ್ಲಾಳ ಹುಟ್ಟುವುದಕ್ಕೆ ಇನ್ನೂರೈವತ್ತು ವರ್ಷ ಮೊದಲೇ ಆ ಹೆಸರಿತ್ತು. ಬೇಗೂರು ಬನ್ನೇರುಘಟ್ಟ ರಸ್ತೆಯ ಹತ್ತಿರವೇ ಇದೆ, ಒಂದು ಭಾನುವಾರ ಮಗಳನ್ನು ಕರೆದುಕೊಂಡು ಹೋಗಿ. ಕಲ್ಲಿನ ಮುಂದೆ ನಿಂತರೆ ಬೇರೆಯೇ ಅನಿಸುತ್ತದೆ.

ಹಾಗಾಗಿ ಊರಿನ ಹೆಸರು ಬಿಡಿಸುವಾಗ ನಾನು ಮೊದಲು ಕೇಳುವುದು ಅತಿ ಹಳೆಯ ಬರಹದಲ್ಲಿ ಅದು ಹೇಗಿದೆ ಅಂತ. ಈಗಿನ ಉಚ್ಚಾರ ಹಿಡಿದು ಬಿಡಿಸಿದರೆ ದಾರಿ ತಪ್ಪುವುದು ಖಂಡಿತ. ಎರಡನೆಯದು, ಸಂಸ್ಕೃತಕ್ಕೆ ಅನುವಾದ ಮಾಡಿದ್ದಾರಾ ಅಂತ ನೋಡುತ್ತೇನೆ. ಕಿಸುವೊಳಲನ್ನು ರಕ್ತಪುರ ಅಂದಿದ್ದಾರೆ. ಹಾಗಾದರೆ ಕಿಸು ಅಂದರೆ ಕೆಂಪು ಅಂತ ಆ ಕಾಲದವರೇ ನಮಗೆ ಹೇಳಿದ ಹಾಗಾಯಿತು. ಪಟ್ಟದಕಲ್ಲಿನ ಸುತ್ತಲ ಬಂಡೆ ನೋಡಿದವರಿಗೆ ಇನ್ನೇನೂ ಬೇಕಿಲ್ಲ. ಬೆಳಗಾವಿಗೆ ವೇಣುಗ್ರಾಮ ಅಂದಿದ್ದಾರೆ, ಬಿದಿರಿನ ಊರು. ಮೂರನೆಯದು ನೆಲ. ಹೆಸರಿನಲ್ಲಿ ಕೆರೆ ಇದ್ದರೆ ಹೋಗಿ ಕೆರೆ ಹುಡುಕಬೇಕು. ಬೆಂಗಳೂರಿನ ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರಗಳ ‘ಸಂದ್ರ’ ಅಂದರೆ ಸಮುದ್ರ. ದೊಡ್ಡ ಕೆರೆಗೆ ಸಮುದ್ರ ಅಂತ ಹೆಸರಿಡುವುದು ರಾಜರ ಕಾಲದ ರೂಢಿ, ಬಾಯಲ್ಲಿ ಸವೆದು ಸಂದ್ರ ಆಯಿತು. ಎಷ್ಟೋ ಕಡೆ ಈಗ ನೀರು ಕಾಣದಿದ್ದರೂ ಹೆಸರು ಮಾತ್ರ ಇಲ್ಲಿ ಕೆರೆ ಇತ್ತು ಅಂತ ಕೂಗುತ್ತಿದೆ. ಮಳೆ ಬಂದಾಗ ಅಲ್ಲೇ ನೀರು ನಿಲ್ಲುವುದು ನೋಡಿದರೆ ನನಗೆ ಸಂಕಟವಾಗುತ್ತದೆ.

ಇನ್ನು ಹೆಸರು ಬದಲಾಯಿಸುವ ಮಾತು. ಕಾನೂನಿನಲ್ಲಿ ಅವಕಾಶ ಇದೆ, ಅಫಿಡವಿಟ್, ಪತ್ರಿಕೆಯಲ್ಲಿ ಪ್ರಕಟಣೆ, ಗೆಜೆಟ್ ಅಂತ ದಾರಿ ಇದೆ. ಜಾತಿಯ ಗುರುತು ಬೇಡ ಅಂತ ಅಡ್ಡಹೆಸರು ಬಿಟ್ಟವರು ಬಹಳ ಜನ, ಅವರ ಕಾರಣ ದೊಡ್ಡದು, ನಾನು ಗೌರವಿಸುತ್ತೇನೆ. ನಿಮ್ಮ ಹೆಸರಿನ ತೊಂದರೆ ಅದಲ್ಲ. ಉಳ್ಳಾಗಡ್ಡಿ ಕೇಳಿದರೆ ಯಾರಿಗೂ ಜಾತಿ ಗೊತ್ತಾಗುವುದಿಲ್ಲ, ಹೊಲ ಮತ್ತು ಸಂತೆ ಮಾತ್ರ ಗೊತ್ತಾಗುತ್ತದೆ. ನನ್ನನ್ನು ಕೇಳಿದರೆ ಬದಲಾಯಿಸಬೇಡಿ ಅನ್ನುತ್ತೇನೆ. ಅವಳು ದೊಡ್ಡವಳಾದ ಮೇಲೆ ಅವಳೇ ತೀರ್ಮಾನಿಸಲಿ, ಆದರೆ ಗೊತ್ತಿದ್ದು ತೀರ್ಮಾನಿಸಲಿ.

ಅಷ್ಟರವರೆಗೆ ಅವಳಿಗೆ ಇದನ್ನು ಹೇಳಿ. ಜರ್ಮನಿಯನ್ನು 1982ರಿಂದ 1998ರವರೆಗೆ ಆಳಿದ ಹೆಲ್ಮುಟ್ ಕೋಲ್ ಅವರ ಅಡ್ಡಹೆಸರಿನ ಅರ್ಥ ಎಲೆಕೋಸು. ರೋಮಿನ ದೊಡ್ಡ ಮಾತುಗಾರ ಸಿಸಿರೊ ಹೆಸರು ಬಂದದ್ದು ಕಡಲೆಯಿಂದ, ಅವರ ಭಾಷೆಯಲ್ಲಿ ಸಿಕೆರ್ ಅಂದರೆ ಕಡಲೆ. ಅವನು ನಿಮ್ಮ ಸೀಮೆಯಲ್ಲಿ ಹುಟ್ಟಿದ್ದರೆ ಕಡ್ಲಿಯವರ ಹುಡುಗ. ಅವನ ಚರಿತ್ರೆ ಬರೆದ ಪ್ಲುಟಾರ್ಕ್ ಹೇಳುವಂತೆ, ರಾಜಕೀಯಕ್ಕೆ ಇಳಿಯುವಾಗ ಗೆಳೆಯರು ಈ ಹೆಸರು ಬಿಟ್ಟುಬಿಡು ಅಂದರಂತೆ. ಅವನು ಒಪ್ಪಲಿಲ್ಲ. ಮುಂದೆ ಸಿಸಿಲಿಯಲ್ಲಿ ಅಧಿಕಾರಿಯಾಗಿದ್ದಾಗ ದೇವರಿಗೆ ಒಂದು ಬೆಳ್ಳಿಯ ಸಾಮಾನು ಕೊಟ್ಟ. ಅದರ ಮೇಲೆ ತನ್ನ ಮೊದಲ ಎರಡು ಹೆಸರುಗಳನ್ನು ಅಕ್ಷರದಲ್ಲಿ ಬರೆಸಿ, ಮೂರನೆಯದರ ಜಾಗದಲ್ಲಿ ಒಂದು ಕಡಲೆಕಾಳು ಕೊರೆಸಿದ. ಆರನೇ ಕ್ಲಾಸಿನ ಹುಡುಗಿ ತನ್ನ ನೋಟ್‌ಬುಕ್ಕಿನ ಮೇಲೂ ಬೇಕಾದರೆ ಹಾಗೇ ಬರೆದುಕೊಳ್ಳಬಹುದು, ಹೆಸರು, ಅಪ್ಪನ ಹೆಸರು, ಆಮೇಲೆ ಒಂದು ಉಳ್ಳಾಗಡ್ಡಿಯ ಚಿತ್ರ.

ನಿಮ್ಮ ಮನೆತನದ ಬಗ್ಗೆ ಇನ್ನೂ ಒಳಗೆ ಹೋಗಬೇಕು ಅಂದರೆ ಈ ಸಲ ಊರಿಗೆ ಹೋದಾಗ ಮೂರು ಕೆಲಸ ಮಾಡಿ. ಮನೆಯಲ್ಲಿರುವ ಹಳೆಯ ಉತಾರ, ಖರೀದಿ ಪತ್ರ ಹುಡುಕಿಸಿ. ಮರಾಠಿ ದಫ್ತರದವರು ಬರೆಯುತ್ತಿದ್ದ ಹಳೇ ಮೋಡಿ ಅಕ್ಷರದಲ್ಲಿದ್ದರೆ ರದ್ದಿ ಅಂತ ಎಸೆಯಬೇಡಿ, ಓದುವವರು ಇನ್ನೂ ಇದ್ದಾರೆ. ಎಲ್ಲಕ್ಕಿಂತ ಹಳೆಯ ಕಾಗದದಲ್ಲಿ ಉಳ್ಳಾಗಡ್ಡಿ ಇದೆಯಾ, ಬೇರೆ ಏನಾದರೂ ಇದೆಯಾ ನೋಡಿ. ಎರಡು ತಲೆಮಾರಿನ ಹಿಂದೆ ಬೇರೆ ಅಡ್ಡಹೆಸರಿದ್ದು, ಅಣ್ಣತಮ್ಮಂದಿರು ಬೇರೆಯಾದಾಗ ಒಂದು ಮನೆಗೆ ಉಳ್ಳಾಗಡ್ಡಿ ಅಂಟಿಕೊಂಡದ್ದನ್ನು ನಾನು ಬೇರೆ ಮನೆತನಗಳಲ್ಲಿ ಕಂಡಿದ್ದೇನೆ. ಎರಡನೆಯದು, ನಿಮ್ಮ ಮನೆದೇವರು ಎಲ್ಲಿದೆ ಅಂತ ಕೇಳಿ. ಲಕ್ಷ್ಮೇಶ್ವರದಿಂದ ದೂರದ ಊರಿನ ದೇವರಾಗಿದ್ದರೆ, ನಿಮ್ಮ ಹಿರಿಯರು ಆ ಕಡೆಯಿಂದ ಬಂದಿರುವ ಸಂಭವ ಜಾಸ್ತಿ. ಜನ ಹೊಲ ಬಿಟ್ಟು ಬಂದರೂ ದೇವರಿಗೆ ನಡೆದುಕೊಳ್ಳುವುದು ಬಿಡುವುದಿಲ್ಲ.

ಮೂರನೆಯದು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ ಬಂದು, ಮನೆ ಮುಂದೆ ನಿಂತು ಆ ಮನೆತನದ ವಂಶಾವಳಿ ಹೇಳಿ ಕಾಳು ತೆಗೆದುಕೊಂಡು ಹೋಗುತ್ತಾರಲ್ಲ, ಅವರು. ಯಾವ ಊರಿಂದ ಬಂದಿರಿ, ಎಷ್ಟು ಜನ ಅಣ್ಣತಮ್ಮಂದಿರು, ಯಾರು ಯಾವ ಊರಿಗೆ ಹೋದರು, ಎಲ್ಲ ಅವರ ಬಾಯಲ್ಲಿ, ಅವರ ಹಳೆಯ ಪುಸ್ತಕಗಳಲ್ಲಿ ಇರುತ್ತದೆ. ನಿಮ್ಮ ಮನೆಗೆ ಬರುವ ಹೆಳವರು ಯಾರು ಅಂತ ಮಾವನವರಿಗೆ ಗೊತ್ತಿರುತ್ತದೆ. ಈ ವರ್ಷ ಅವರು ಬರುವ ಹೊತ್ತಿಗೆ ಮಗಳನ್ನು ಊರಿಗೆ ಕಳಿಸಿ. ಹೇಳುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಿ. ಅವರು ಹಾಡಿನ ಧಾಟಿಯಲ್ಲಿ ವೇಗವಾಗಿ ಹೇಳುತ್ತಾರೆ, ಒಂದೇ ಸಲಕ್ಕೆ ಬರೆದುಕೊಳ್ಳಲು ಆಗುವುದಿಲ್ಲ. ಕಾಳು ಕೊಡುವಾಗ ಮೊರ ತುಂಬ ಕೊಡಿ.